ವೈದ್ಯರ ಮದ್ದು, ಮನೆಯವರ ಮಾತು

ಕ್ರಿಸ್ತಜಯಂತಿಯ ಗೋದಲಿಗಳನ್ನು ಕಳಚಿಡುವ ಹೊತ್ತಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡಂಚಿನ ಮನೆಗಳಲ್ಲಿ ಒಂದು ಸುದ್ದಿಗೆ ಎಲ್ಲರೂ ಕಿವಿಗೊಟ್ಟಿರುತ್ತಾರೆ. ಎಲ್ಲಾದರೂ ಮಂಗ ಸತ್ತುಬಿದ್ದಿದೆಯೇ ಎಂಬುದು ಆ ಸುದ್ದಿ. ಬಿದ್ದಿದೆಯೆಂದು ತಿಳಿದರೆ ಅಲ್ಲಿಂದ ಮಳೆಗಾಲದವರೆಗೆ ಮನೆಯಲ್ಲಿ ಯಾರಿಗೆ ಮೈ ಬಿಸಿಯಾದರೂ ತಾಯಂದಿರ ಎದೆ ಝಲ್ಲೆನ್ನುತ್ತದೆ.

ಮಂಗನ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ವಿಚಿತ್ರ ಜ್ವರ ಕಾಣಿಸಿಕೊಂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಿ, ಇದು ಅದುವರೆಗೆ ಜಗತ್ತು ಅರಿಯದಿದ್ದ ವೈರಾಣುವೆಂದು ಕಂಡುಹಿಡಿದರು. ಕಾಡಿನ ಉಣ್ಣೆಗಳು ಅದನ್ನು ಹೊತ್ತು ತರುತ್ತವೆ. ಮಂಗ ಅದನ್ನು ನಮಗೆ ಕೊಡುವುದಿಲ್ಲ. ನಮಗಿಂತ ಮೊದಲೇ ಅದಕ್ಕೆ ಬಲಿಯಾಗುತ್ತದೆ. ಹಾಗಿದ್ದೂ ಕಾಯಿಲೆಗೆ ಅದರ ಹೆಸರೇ ಅಂಟಿಕೊಂಡಿತು. ರೋಗ ತಗುಲಿದ ನೂರು ಮಂದಿಯಲ್ಲಿ ಮೂವರಿಂದ ಐವರವರೆಗೆ ಸಾಯುತ್ತಾರೆಂಬುದು ವೈದ್ಯರ ಅನುಭವ. ಸೊರಬದಿಂದ ಸಾಗರಕ್ಕೆ, ತೀರ್ಥಹಳ್ಳಿಗೆ, ಘಟ್ಟದ ಕೆಳಗೆ ಬೆಳ್ತಂಗಡಿಗೆ ಹಬ್ಬಿದ ಅದು ನಮ್ಮ ಜಿಲ್ಲೆಯನ್ನೂ ಬಿಡಲಿಲ್ಲ. 2024ರ ಆರಂಭದಲ್ಲಿ ಶೃಂಗೇರಿ ತಾಲ್ಲೂಕಿನ ವೃದ್ಧರೊಬ್ಬರು, ಮರುವರ್ಷ ನರಸಿಂಹರಾಜಪುರ ತಾಲ್ಲೂಕಿನ ಮಹಿಳೆಯೊಬ್ಬರು ಇದರಿಂದ ತೀರಿಕೊಂಡರು.

ನಾನು ವೈದ್ಯನಲ್ಲ. ರೋಗದ ವಿವರ ಹೇಳುವುದು ಈ ಲೇಖನದ ಉದ್ದೇಶವೂ ಅಲ್ಲ. ಈ ಜ್ವರದ ಸುತ್ತ ವೈದ್ಯರಿಗೂ ನಮ್ಮ ಜನರಿಗೂ ನಡುವೆ ವರ್ಷ ವರ್ಷವೂ ನಡೆಯುತ್ತಿರುವ ಒಂದು ಮೌನ ಕಲಹವಿದೆ. ಅದರಲ್ಲಿ ಒಂದು ನೈತಿಕ ಪ್ರಶ್ನೆ ಅಡಗಿದೆಯೆಂದು ನನಗೆ ಬಹುಕಾಲದಿಂದ ಅನ್ನಿಸಿದೆ.

ಆರೋಗ್ಯ ಇಲಾಖೆಯವರು ಕರಪತ್ರ ಹಂಚುತ್ತಾರೆ. ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ದರಗೆಲೆ ತರಬೇಡಿ, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಎಂದು ಅದರಲ್ಲಿ ಬರೆದಿರುತ್ತದೆ. ಒಂದೊಂದು ಮಾತೂ ಸರಿ. ಆದರೆ ಉಣ್ಣೆಮರಿಗಳು ಹೆಚ್ಚಾಗುವ ತಿಂಗಳುಗಳೂ ಮಲೆನಾಡಿನ ಬಡವರು ಸೌದೆ, ಸೊಪ್ಪು, ದರಗು ಕೂಡಿಡುವ ತಿಂಗಳುಗಳೂ ಒಂದೇ. ಮಳೆ ಹಿಡಿದರೆ ಮೂರು ತಿಂಗಳು ಒಣ ಸೌದೆ ಸಿಗದು. ಕೊಟ್ಟಿಗೆಗೆ ದರಗು ಹಾಸದಿದ್ದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದಿದ್ದರೆ ತೋಟವಿಲ್ಲ. ಕಾಡಿಗೆ ಹೋಗಬೇಡಿ ಎಂಬ ಮಾತು ಜೀಪಿನಲ್ಲಿ ಬಂದವರಿಗೆ ಸಲಹೆ. ಕೇಳಿದವರಿಗೆ ಅದು ಬದುಕಬೇಡಿ ಎಂದಂತೆ. ಜೊತೆಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಆಸುಪಾಸಿನ ಮಲೆಕುಡಿಯ, ಗೌಡಲು ಕುಟುಂಬಗಳಿಗೆ ಕಾಡು ಬಿಡಿ ಎಂದು ಹೇಳಿದ ಸರಕಾರಿ ಜೀಪು ಇದೇ ಮೊದಲಲ್ಲ. ಒಕ್ಕಲೆಬ್ಬಿಸುವ ಕಾಗದ ತಂದವರೂ ಜ್ವರದ ಕಾಗದ ತಂದವರೂ ಬೇರೆ ಬೇರೆ ಎಂದು ಅವರು ಮೊದಲ ನೋಟಕ್ಕೇ ನಂಬಬೇಕೆಂದರೆ ಅದು ಅತಿಯಾದ ನಿರೀಕ್ಷೆ.

ಇನ್ನು ಸತ್ತ ಮಂಗನ ವಿಷಯ. ನಮ್ಮ ಹಿಂದೂ ಸಹೋದರರಲ್ಲಿ ಅನೇಕರಿಗೆ ಅದು ಹನುಮನ ರೂಪ. ಸತ್ತ ಮಂಗನನ್ನು ಮೆರವಣಿಗೆಯಲ್ಲಿ ಒಯ್ದು, ಹೂ ಹಾಕಿ, ಮಣ್ಣು ಮಾಡುವ ಪದ್ಧತಿ ಕರ್ನಾಟಕದ ಹಲವು ಊರುಗಳಲ್ಲಿದೆ. ಆದರೆ ಈ ರೋಗದಲ್ಲಿ ಮಂಗ ಸತ್ತೊಡನೆ ಅದರ ಮೈಮೇಲಿನ ಉಣ್ಣೆಗಳು ಉದುರಿ ಆ ಜಾಗವೇ ಅಪಾಯದ ತಾಣವಾಗುತ್ತದೆ. ಇಲಾಖೆಯವರು ಔಷಧ ಸಿಂಪಡಿಸಿ, ಶವವನ್ನು ಸುಡುತ್ತಾರೆ. ಒಬ್ಬರ ಕಣ್ಣಿಗೆ ಅದು ಸೋಂಕಿನ ಮೂಟೆ, ಇನ್ನೊಬ್ಬರ ಕಣ್ಣಿಗೆ ಅಂತ್ಯಸಂಸ್ಕಾರಕ್ಕೆ ಕಾದಿರುವ ದೇಹ. ಸುಡುವ ಮುನ್ನ ಊರಿನವರು ದೂರ ನಿಂತು ಕೈಮುಗಿಯಲು ಎರಡು ನಿಮಿಷ ಬಿಟ್ಟರೆ ವಿಜ್ಞಾನಕ್ಕೇನೂ ನಷ್ಟವಿಲ್ಲ. ಆ ಎರಡು ನಿಮಿಷ ಕೊಡುವ ಸಿಬ್ಬಂದಿಯ ಮಾತನ್ನು ಆ ಊರು ಮುಂದಿನ ವರ್ಷವೂ ಕೇಳುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಅಪಾರ್ಥ ಇನ್ನೊಂದಿದೆ. ಈ ವೈರಾಣುವನ್ನು ಕೊಲ್ಲುವ ನಿರ್ದಿಷ್ಟ ಔಷಧ ಇದುವರೆಗೂ ಇಲ್ಲ. ಪ್ರಾಮಾಣಿಕ ವೈದ್ಯರು ಅದನ್ನು ಮುಚ್ಚಿಡುವುದಿಲ್ಲ. "ಇದಕ್ಕೆ ಔಷಧ ಇಲ್ಲ, ಅಡ್ಮಿಟ್ ಮಾಡಿ ನೋಡೋಣ" ಎನ್ನುತ್ತಾರೆ. ವೈದ್ಯರ ಅರ್ಥದಲ್ಲಿ ಅದರೊಳಗೆ ಬಹಳಷ್ಟು ಭರವಸೆಯಿದೆ. ದೇಹದ ನೀರಿನಂಶ ಕಾಪಾಡಿ, ರಕ್ತಸ್ರಾವದ ಮೇಲೆ ಕಣ್ಣಿಟ್ಟು, ಬೇಕಾದಾಗ ರಕ್ತ ಕೊಟ್ಟು, ಕೊಡಬಾರದ ನೋವಿನ ಮಾತ್ರೆಗಳನ್ನು ದೂರವಿಟ್ಟರೆ ಬಹುತೇಕ ಮಂದಿ ಬದುಕಿ ಮನೆಗೆ ಮರಳುತ್ತಾರೆ. ಆದರೆ ಜಗಲಿಯಲ್ಲಿ ಕುಳಿತ ಅಜ್ಜಿಗೆ ಆ ವಾಕ್ಯದ ಮೊದಲ ಅರ್ಧ ಮಾತ್ರ ಕೇಳಿಸುತ್ತದೆ. ಔಷಧವೇ ಇಲ್ಲದ ಆಸ್ಪತ್ರೆಗೆ ಹೋಗಿ ಮಾಡುವುದೇನು? ಹಾಗಾಗಿ ನಾಟಿ ಮದ್ದು, ಹರಕೆ, ಚೌಡಿಗೆ ಕೋಳಿ. ನಮ್ಮವರಾದರೆ ಸಂತ ಅಂತೋಣಿಯವರಿಗೆ ಮೇಣದಬತ್ತಿ, ಗುರುಗಳಿಂದ ಮಂತ್ರಿಸಿದ ಎಣ್ಣೆ. ಅಷ್ಟರಲ್ಲಿ ಅಮೂಲ್ಯವಾದ ನಾಲ್ಕು ದಿನಗಳು ಕಳೆದಿರುತ್ತವೆ.

ಲಸಿಕೆಯ ಕಥೆಯನ್ನೂ ಹೇಳಲೇಬೇಕು, ಏಕೆಂದರೆ ಅದು ಇಬ್ಬರ ಅಹಂಕಾರವನ್ನೂ ಮುರಿಯುವಂಥದು. 1990ರಿಂದ ಮಲೆನಾಡಿನಲ್ಲಿ ಈ ಕಾಯಿಲೆಗೆ ಲಸಿಕೆ ಹಾಕಲಾಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು. ಚುಚ್ಚಿಸಿಕೊಂಡವರಿಗೆ ವಿಪರೀತ ನೋವು. ಮೊದಲ ಬಾರಿ ಬಂದವರಲ್ಲಿ ಅನೇಕರು ಎರಡನೆಯ ಬಾರಿಗೆ ಬರಲಿಲ್ಲ, ಬೂಸ್ಟರಿಗಂತೂ ಬಂದವರು ಇನ್ನೂ ಕಡಿಮೆ. ಹಳ್ಳಿಯವರ ಅಜ್ಞಾನವೆಂದು ಎಲ್ಲರೂ ಬೈದೆವು. ಪ್ರವಚನಪೀಠದಿಂದ ನಾನೂ ಬೈದಿದ್ದೇನೆ. 2005ರಿಂದ 2010ರವರೆಗಿನ ಅಂಕಿಅಂಶಗಳ ಅಧ್ಯಯನವೊಂದು ಎರಡು ಚುಚ್ಚುಮದ್ದಿನಿಂದ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ ಸಿಗುತ್ತದೆಂದು ತೋರಿಸಿತ್ತು. ಹಾಗಾಗಿ ಆಗ ಲಸಿಕೆ ಹಾಕಿಸಿಕೊಳ್ಳಿರೆಂದದ್ದು ತಪ್ಪಾಗಿರಲಿಲ್ಲ. ಆದರೆ ಮುಂದೆ ಅದರ ಸಾಮರ್ಥ್ಯ ಸಾಲದೆಂದು ಕಂಡುಬಂದು 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ಹೊಸದೊಂದನ್ನು ಸಿದ್ಧಪಡಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಕೈಗೊಂಡಿದೆ. ಅದು ಬಂದಾಗ ನಾವು ಜನರ ಮುಂದೆ ಯಾವ ಮುಖದಿಂದ ನಿಲ್ಲುತ್ತೇವೆ? ಹಳೆಯದು ಸಾಲದಾಗಿತ್ತು ಎಂದು ಮೊದಲು ಒಪ್ಪಿಕೊಂಡು ನಿಂತರೆ ಮಾತ್ರ ಹೊಸದನ್ನು ಅವರು ನಂಬಿಯಾರು.

ಈಗ ಪ್ರಶ್ನೆಗೆ ಬರುತ್ತೇನೆ. ರೋಗವನ್ನು ಬಲ್ಲವರು ವೈದ್ಯರು, ಅದನ್ನು ಅನುಭವಿಸುವವರು ಮನೆಯವರು. ಇಬ್ಬರ ಮಾತೂ ಕೂಡದಿದ್ದಾಗ ಯಾರ ಮಾತು ನಡೆಯಬೇಕು?

ನಮ್ಮಿಂದ ಬಹುದೂರದಲ್ಲಿ ನಡೆದ ಒಂದು ಘಟನೆ ಈ ಪ್ರಶ್ನೆಯನ್ನು ಕಣ್ಣಿಗೆ ಕಟ್ಟುವಂತೆ ಮುಂದಿಡುತ್ತದೆ. ಲಾವೋಸ್ ದೇಶದ ಬೆಟ್ಟಗಳ ಮೋಂಗ್ ಜನರು ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕೆಯ ಪರವಾಗಿ ಕಾದಾಡಿದವರು. 1975ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದಾಗ ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಶಿಬಿರಗಳಿಗೆ ಓಡಿಬಂದರು. ಅಲ್ಲಿಂದ ಸಾವಿರಾರು ಮಂದಿ ಅಮೆರಿಕೆಗೆ ಹೋದರು. ಕ್ಯಾಲಿಫೋರ್ನಿಯಾದ ಮರ್ಸೆಡ್ ಎಂಬ ಊರಿನಲ್ಲಿ ನೆಲೆಸಿದ ಇಂಥ ಒಂದು ಕುಟುಂಬದಲ್ಲಿ 1982ರಲ್ಲಿ ಲಿಯಾ ಲೀ ಎಂಬ ಹೆಣ್ಣುಮಗು ಹುಟ್ಟಿತು. ಮೂರು ತಿಂಗಳಿಗೇ ಮೂರ್ಛೆರೋಗ ಕಾಣಿಸಿತು. ಬಾಗಿಲು ಬಡಿದ ಸದ್ದಿಗೆ ಮಗುವಿನ ಆತ್ಮ ಹೆದರಿ ಓಡಿಹೋಗಿದೆ, ಅದನ್ನು ಮರಳಿ ಕರೆಯಬೇಕು ಎಂದು ತಂದೆತಾಯಿ ನಂಬಿದರು. ಮಿದುಳಿನ ವಿದ್ಯುತ್ ಏರುಪೇರು, ಮಾತ್ರೆ ತಪ್ಪದೆ ಕೊಡಬೇಕು ಎಂದು ವೈದ್ಯರು ಹೇಳಿದರು. ತಂದೆತಾಯಿಗೆ ಇಂಗ್ಲಿಷ್ ಬಾರದು, ಓದಲೂ ಬಾರದು; ಔಷಧದ ಪಟ್ಟಿಯೋ ಇಪ್ಪತ್ತಕ್ಕೂ ಹೆಚ್ಚು ಬಾರಿ ಬದಲಾಯಿತು. ಮಾತ್ರೆ ಸರಿಯಾಗಿ ಕೊಡುತ್ತಿಲ್ಲವೆಂದು ವೈದ್ಯರು ದೂರಿತ್ತದ್ದರಿಂದ 1985ರಲ್ಲಿ ನ್ಯಾಯಾಲಯ ಮಗುವನ್ನು ಮನೆಯಿಂದ ಬಿಡಿಸಿ ಬೇರೊಂದು ಕುಟುಂಬದ ಪೋಷಣೆಗೆ ಒಪ್ಪಿಸಿತು. ಸುಮಾರು ವರ್ಷದ ನಂತರ ಮಗು ಮನೆಗೆ ಮರಳಿತು. ಆಗ ಮಾತ್ರೆಗಳನ್ನು ಹೆತ್ತವರು ಸರಿಯಾಗಿಯೇ ಕೊಡುತ್ತಿದ್ದರು. ಆದರೂ 1986ರ ನವೆಂಬರಿನಲ್ಲಿ ಬಂದ ಭಾರೀ ಮೂರ್ಛೆ, ಅದರೊಂದಿಗೆ ರಕ್ತಕ್ಕೆ ತಗುಲಿದ ಸೋಂಕು ಅವಳ ಮಿದುಳನ್ನು ನಾಶಮಾಡಿದವು. ಇನ್ನು ಕೆಲವೇ ದಿನ ಎಂದು ವೈದ್ಯರು ಮನೆಗೆ ಕಳಿಸಿದರು. ತಂದೆತಾಯಿ ಅವಳನ್ನು ಮೀಯಿಸಿ, ಉಣಿಸಿ, ಬೆನ್ನಿಗೆ ಕಟ್ಟಿಕೊಂಡು ಸಾಕಿದರು. ಅವಳು ತೀರಿಕೊಂಡದ್ದು 2012ರಲ್ಲಿ, ಇಪ್ಪತ್ತಾರು ವರ್ಷಗಳ ನಂತರ.

ಆನ್ ಫ್ಯಾಡಿಮನ್ ಎಂಬ ಲೇಖಕಿ 1997ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಕಥೆ ಜಗತ್ತಿಗೆ ತಿಳಿಯಿತು. ಅದನ್ನು ಓದಿದಾಗ ನನ್ನನ್ನು ಕಾಡಿದ್ದು ಇಷ್ಟೇ: ಅದರಲ್ಲಿ ಕೆಟ್ಟವರು ಯಾರೂ ಇಲ್ಲ. ವೈದ್ಯ ದಂಪತಿಗಳು ನಿದ್ದೆಗೆಟ್ಟು ದುಡಿದವರು. ತಂದೆತಾಯಿ ಮಗುವಿಗಾಗಿ ಜೀವ ತೇಯ್ದವರು. ಆದರೂ ನಿಮ್ಮ ಮಗುವಿಗೆ ಏನಾಗಿದೆಯೆಂದು ನಿಮಗೆ ಅನ್ನಿಸುತ್ತದೆ, ಯಾಕೆ ಆಯಿತೆನ್ನುತ್ತೀರಿ, ಯಾವುದಕ್ಕೆ ಹೆದರುತ್ತೀರಿ ಎಂದು ಆ ತಾಯಿಯನ್ನು ಕೂರಿಸಿಕೊಂಡು ಕೇಳಿದವರು ಆ ಆಸ್ಪತ್ರೆಯಲ್ಲಿ ಇರಲಿಲ್ಲ.

ಶುಭಸಂದೇಶದಲ್ಲಿ ಇಂಥ ಪ್ರಶ್ನೆ ಕೇಳಿದವರೊಬ್ಬರಿದ್ದಾರೆ. ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ತಂದೆಯೊಬ್ಬ ಮೂರ್ಛೆ ಬೀಳುವ ಮಗನನ್ನು ಕರೆತರುತ್ತಾನೆ. ಹುಡುಗ ಯೇಸುವಿನ ಕಣ್ಣೆದುರೇ ಬಿದ್ದು ಒದ್ದಾಡುತ್ತಾನೆ. ಸುತ್ತಲೂ ಜನಜಂಗುಳಿ, ಶಿಷ್ಯರ ಸೋಲು, ಶಾಸ್ತ್ರಿಗಳ ವಾದ. ಅಷ್ಟೆಲ್ಲ ಗದ್ದಲದ ನಡುವೆ ಪ್ರಭು ಕೂಡಲೇ ಗುಣಪಡಿಸುವುದಿಲ್ಲ. ಇದು ಇವನಿಗೆ ಎಷ್ಟು ಕಾಲದಿಂದ ಹೀಗಿದೆ ಎಂದು ತಂದೆಯನ್ನು ವಿಚಾರಿಸುತ್ತಾರೆ. ತಂದೆ ತನ್ನ ಮಾತಿನಲ್ಲೇ ಎಲ್ಲವನ್ನೂ ಹೇಳುತ್ತಾನೆ: ಬಾಲ್ಯದಿಂದ ಹೀಗೆ, ಬೆಂಕಿಗೂ ಬಿದ್ದಿದ್ದಾನೆ, ನೀರಿಗೂ ಬಿದ್ದಿದ್ದಾನೆ. ಗುರುಮಠದಲ್ಲಿ ಈ ವಾಕ್ಯಭಾಗವನ್ನು ಓದಿದಾಗ ನಮ್ಮ ಚರ್ಚೆಯೆಲ್ಲ ದೆವ್ವದ ಕುರಿತು, ವಿಶ್ವಾಸದ ಕುರಿತು ನಡೆಯಿತು. ಆ ಪ್ರಶ್ನೆಯನ್ನು ನಾನು ಗಮನಿಸಿದ್ದು ಬಹಳ ತಡವಾಗಿ, ಅದೂ ನನ್ನದೇ ತಪ್ಪಿನ ಮೂಲಕ.

ಸುಮಾರು ಹದಿನೈದು ವರ್ಷಗಳ ಹಿಂದೆ ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿದ್ದೆ. ಅಡಿಕೆ ತೋಟದಲ್ಲಿ ಕೂಲಿ ಮಾಡುವ ಒಂದು ಕುಟುಂಬ. ಒಂಬತ್ತು ವರ್ಷದ ಮಗನಿಗೆ ಫಿಟ್ಸ್. ಬಿದ್ದಾಗಲೆಲ್ಲ ನೆರೆಯವರು ಓಡಿಬಂದು ಕೈಗೆ ಬೀಗದ ಕೈ ಹಿಡಿಸುತ್ತಿದ್ದರು. ಕಡೆಗೆ ಪೇಟೆಯ ವೈದ್ಯರು ಮಾತ್ರೆ ಬರೆದುಕೊಟ್ಟ ಮೇಲೆ ಎಂಟು ತಿಂಗಳು ಬೀಳಲಿಲ್ಲ. ಅದೇ ಅವಧಿಯಲ್ಲಿ ತಾಯಿ ಅವನನ್ನು ಧ್ಯಾನಕೂಟವೊಂದಕ್ಕೂ ಕರೆದೊಯ್ದಿದ್ದಳು. ಒಂದು ಭಾನುವಾರ ಬಲಿಪೂಜೆ ಮುಗಿದು ನಾನು ಇನ್ನೊಂದು ಉಪಕೇಂದ್ರಕ್ಕೆ ಹೊರಟು ಬೈಕ್ ಏರಿದ್ದಾಗ ಬಳಿಗೆ ಬಂದು, "ಫಾದರ್, ದೇವರು ಗುಣ ಮಾಡಿದ ಮೇಲೂ ಮಾತ್ರೆ ಕೊಟ್ಟರೆ ನಂಬಿಕೆ ಇಲ್ಲ ಅಂತ ಆಗೋದಿಲ್ವಾ?" ಎಂದು ಕೇಳಿದಳು. "ನಂಬಿಕೆ ಬಿಡಬೇಡಿ ಅಮ್ಮ, ದೇವರಿದ್ದಾರೆ" ಎಂದು ಹೇಳಿ ನಾನು ಹೊರಟುಹೋದೆ.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಗುರುಗಳೇ ಹೇಳಿದರೆಂದು ಅವಳು ಅಂದೇ ಮಾತ್ರೆ ನಿಲ್ಲಿಸಿದಳು. ಮೂರ್ಛೆರೋಗದ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ರೋಗ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು. ವಾರ ಕಳೆಯುವುದರೊಳಗೆ ಹುಡುಗ ಬಚ್ಚಲೊಲೆಗೆ ಬೆಂಕಿ ಮಾಡುತ್ತಿದ್ದಾಗ ಬಿದ್ದ. ಬಲಗೈ ಮೊಣಕೈವರೆಗೆ ಸುಟ್ಟಿತು. ಬೆಂಕಿಗೂ ಬಿದ್ದಿದ್ದಾನೆ ಎಂದ ಆ ತಂದೆಯ ಮಾತು ನನಗೆ ಅರ್ಥವಾದದ್ದು ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ. ತಾಯಿ ನನ್ನನ್ನು ದೂರಲಿಲ್ಲ. "ನನ್ನ ನಂಬಿಕೆಯೇ ಸಾಲದಾಯಿತೇನೋ ಫಾದರ್" ಎಂದಳು. ಆ ಮಾತು ದೂರಿಗಿಂತ ಭಾರವಾಗಿತ್ತು.

ಇಂಥಲ್ಲಿ ಸಂಪ್ರದಾಯವನ್ನಾಗಲಿ, ಜನರ ಮೌಢ್ಯವನ್ನಾಗಲಿ ಹಳಿದು ನಾವು ಪಾರಾಗಲಾರೆವು. ಸುಶಿಕ್ಷಿತ ಯೂರೋಪಿನಲ್ಲೇ, ಜರ್ಮನಿಯ ಕ್ಲಿಂಗನ್‌ಬರ್ಗ್‌ನಲ್ಲಿ, ಮೂರ್ಛೆರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಅನೆಲೀಸ್ ಮಿಶೆಲ್ ಎಂಬ ಇಪ್ಪತ್ತಮೂರರ ಕಥೋಲಿಕ ತರುಣಿಗೆ ತಿಂಗಳುಗಟ್ಟಲೆ ಭೂತೋಚ್ಚಾಟನೆ ನಡೆಸಲಾಯಿತು, ವೈದ್ಯರನ್ನು ಕರೆಯಲಿಲ್ಲ. 1976ರಲ್ಲಿ ಅವಳು ಅನ್ನಾಹಾರವಿಲ್ಲದೆ ಕೃಶಳಾಗಿ ಸತ್ತಳು. 1978ರಲ್ಲಿ ನ್ಯಾಯಾಲಯ ಅವಳ ತಂದೆತಾಯಿಯನ್ನೂ ಇಬ್ಬರು ಗುರುಗಳನ್ನೂ ತಪ್ಪಿತಸ್ಥರೆಂದು ತೀರ್ಪಿತ್ತಿತು. ಹಾಗಾಗಿ ಧ್ಯಾನಕೇಂದ್ರಗಳಲ್ಲಿ ಮಾತ್ರೆ ಬಿಸಾಡಿದೆ, ಗುಣವಾಯಿತು ಎಂಬ ಸಾಕ್ಷ್ಯಕ್ಕೆ ಚಪ್ಪಾಳೆ ಬೀಳುವಾಗ ನನಗೆ ಮೈ ನಡುಗುತ್ತದೆ. ಆ ಚಪ್ಪಾಳೆ ಕೇಳಿಸಿಕೊಂಡ ಇನ್ನೊಬ್ಬ ತಾಯಿ ಮನೆಗೆ ಹೋಗಿ ಏನು ಮಾಡುತ್ತಾಳೆಂದು ವೇದಿಕೆಯ ಮೇಲಿರುವವರು ಯೋಚಿಸಬೇಕು. ಸಿರಾಖನ ಗ್ರಂಥದ 38ನೆಯ ಅಧ್ಯಾಯ ಪ್ರಾರ್ಥನೆಯನ್ನೂ ವೈದ್ಯನನ್ನೂ ಎದುರುಬದುರು ನಿಲ್ಲಿಸುವುದಿಲ್ಲ. ರೋಗಿ ಪ್ರಾರ್ಥಿಸಲಿ, ಬಳಿಕ ವೈದ್ಯನಿಗೂ ಎಡೆಗೊಡಲಿ, ಅವನನ್ನೂ ದೇವರೇ ಸೃಷ್ಟಿಸಿದ್ದಾರೆ ಎಂಬುದು ಅದರ ಭಾವ.

ಹಾಗಾದರೆ ಯಾರ ಮಾತು ನಡೆಯಬೇಕು? ಇಲ್ಲಿ ಧರ್ಮಸಭೆಯ ಒಂದು ಹಳೆಯ ಬೋಧನೆ ನನಗೆ ದಾರಿ ತೋರುತ್ತದೆ. ಕ್ಯಾಸನೂರಿನಲ್ಲಿ ಮಂಗಗಳು ಸಾಯುತ್ತಿದ್ದ ಅದೇ 1957ರ ನವೆಂಬರಿನಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಮಾತನಾಡುತ್ತ, ಜೀವ ಉಳಿಸಲು ಸಾಮಾನ್ಯ ಸಾಧನಗಳನ್ನು ಬಳಸಲೇಬೇಕು, ಅಸಾಮಾನ್ಯ ಸಾಧನಗಳು ಕಡ್ಡಾಯವಲ್ಲ ಎಂದರು. ಯಾವುದು ಸಾಮಾನ್ಯ ಎಂಬುದನ್ನು ವ್ಯಕ್ತಿ, ಸ್ಥಳ, ಕಾಲ ಮತ್ತು ಸಂಸ್ಕೃತಿಯ ಪರಿಸ್ಥಿತಿಗೆ ತಕ್ಕಂತೆ ಅಳೆಯಬೇಕೆಂದೂ ಸೇರಿಸಿದರು. ಸಂಸ್ಕೃತಿ ಎಂಬ ಪದವನ್ನು ಅವರು ಅಂದೇ ಬಳಸಿದ್ದರು. ದಿನಕ್ಕೆರಡು ಬಾರಿ ನುಂಗುವ ಮಾತ್ರೆ ಸಾಮಾನ್ಯ ಸಾಧನ. ಮಗುವಿಗೆ ಅದನ್ನು ನಿರಾಕರಿಸುವ ಹಕ್ಕು ತಂದೆತಾಯಿಗೂ ಇಲ್ಲ, ಗುರುಗಳಿಗೂ ಇಲ್ಲ; ಮಗುವಿನ ಜೀವ ನಮ್ಮ ನಂಬಿಕೆಯ ಪರೀಕ್ಷೆಗೆ ಒಡ್ಡುವ ವಸ್ತುವಲ್ಲ. ಆದರೆ ಎಂಬತ್ತರ ವೃದ್ಧರೊಬ್ಬರು ತಿಳಿದೂ ತಿಳಿದೂ, ದೂರದ ಊರಿನ ಯಂತ್ರಗಳ ನಡುವೆ ಬೇಡ, ಮನೆಯಲ್ಲಿ ನನ್ನವರ ನಡುವೆ ಅಭ್ಯಂಗ ಪಡೆದು ಕಣ್ಣುಮುಚ್ಚುತ್ತೇನೆ ಎಂದರೆ ಅವರನ್ನು ಎತ್ತಿ ಆಂಬುಲೆನ್ಸಿಗೆ ಹಾಕುವ ಹಕ್ಕು ವೈದ್ಯರಿಗೂ ಇಲ್ಲ, ಮಕ್ಕಳಿಗೂ ಇಲ್ಲ. ಇವೆರಡರ ನಡುವೆ ಕೊಪ್ಪದ ಕೂಲಿಯವನಿಗೆ ಮಣಿಪಾಲವೋ ಶಿವಮೊಗ್ಗವೋ ಎಷ್ಟು ದೂರವೆಂಬ ಪ್ರಶ್ನೆಯಿದೆ. ಅವನ ಹತ್ತು ದಿನದ ಸಂಬಳ ಹೋಗುವುದಾದರೆ ಆ ಸಾಧನ ಅವನಿಗೆ ಇನ್ನೂ ಸಾಮಾನ್ಯವಾಗಿಲ್ಲ. ಅದನ್ನು ಸಾಮಾನ್ಯ ಮಾಡಿಕೊಡುವುದು ಧರ್ಮಕೇಂದ್ರದ ನಮ್ಮ ಕರ್ತವ್ಯ. ಬಾರದಿದ್ದಕ್ಕೆ ಅವನನ್ನು ಬೈಯುವುದು ಸುಲಭ.

ಲಿಯಾಳನ್ನು ಮನೆಯಿಂದ ಬಿಡಿಸಿದ್ದು ಸರಿಯೇ? ಕಾನೂನಿನ ದೃಷ್ಟಿಯಲ್ಲಿ ಇರಬಹುದು. ಆದರೆ ಬಲವಂತಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಬಲವಂತ ಮಾಡಿದವರು ತಮ್ಮ ಅಧಿಕಾರದ ಅರ್ಧವನ್ನು ಕಳೆದುಕೊಂಡಿರುತ್ತಾರೆ ಎಂದು ನನ್ನ ಅಭಿಪ್ರಾಯ. ಅದೇ ಮರ್ಸೆಡ್‌ನ ಕಥೋಲಿಕ ಮೂಲದ ಆಸ್ಪತ್ರೆಯೊಂದು 2009ರ ಹೊತ್ತಿಗೆ ಮೋಂಗ್ ಜನರ ಮಾಂತ್ರಿಕರು ರೋಗಿಯ ಹಾಸಿಗೆಯ ಬಳಿ ಕೆಲವು ವಿಧಿಗಳನ್ನು ನಡೆಸಲು ಅಧಿಕೃತವಾಗಿ ಅವಕಾಶ ಕೊಟ್ಟಿತ್ತು. ಇದನ್ನು ಓದಿ ಕೆಲವರು ಹುಬ್ಬೇರಿಸಬಹುದು. ಮೊದಲು ನಾನೂ ಏರಿಸಿದ್ದೆ. ಆದರೆ ಅನ್ಯರ ಆಸ್ಪತ್ರೆಯಲ್ಲಿ ಸಾಯುತ್ತಿರುವ ನಮ್ಮವರ ಬಳಿಗೆ ಪವಿತ್ರ ತೈಲ ಹಿಡಿದು ನಾನು ಹೋದಾಗ ಎಷ್ಟೋ ಹಿಂದೂ, ಮುಸ್ಲಿಂ ವೈದ್ಯರು ಪರದೆ ಸರಿಸಿ ದಾರಿ ಬಿಟ್ಟಿದ್ದಾರೆ. ಅವರು ನನ್ನ ಸಂಸ್ಕಾರವನ್ನು ನಂಬಿದ್ದರೆಂದಲ್ಲ.

ಇಂದು ನಮ್ಮ ತೋಟಗಳ ಲೈನ್‌ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದವರಿದ್ದಾರೆ. ಕಾಡಂಚಿನ ಕೆಲಸ ಅವರದೇ, ಉಣ್ಣೆ ಕಚ್ಚುವುದೂ ಅವರಿಗೇ. ಕನ್ನಡದ ಕರಪತ್ರ ಅವರಿಗೆ ಬರಿಯ ಕಾಗದ. ಅವರಲ್ಲಿ ಕೆಲವರು ಭಾನುವಾರ ನಮ್ಮ ದೇವಾಲಯದ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಜ್ವರಕ್ಕೆ ನಿಮ್ಮೂರಿನಲ್ಲಿ ಏನೆನ್ನುತ್ತೀರಿ ಎಂದು ಅವರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಆ ಹುಡುಗನ ಮನೆಯ ಮಾತಿಗೆ ಮರಳುತ್ತೇನೆ. ನಾನು ಮಾಡಿದ್ದನ್ನು ಸರಿಪಡಿಸಿದ್ದು ನಾನಲ್ಲ, ನಮ್ಮ ಚಿಕಿತ್ಸಾಲಯದ ನರ್ಸ್ ಸಿಸ್ಟರ್. ಅವರು ಆ ಮನೆಗೆ ಹೋಗಿ ಇಡೀ ಮಧ್ಯಾಹ್ನ ಕುಳಿತು, ತಾಯಿಯ ಮಾತನ್ನೆಲ್ಲ ಕೇಳಿದರು. ಧ್ಯಾನಕೂಟದ ಕಥೆ, ನೆರೆಯವರ ಬೀಗದ ಕೈಯ ಕಥೆ, ಗಂಡನ ಮನೆಯವರು ಹಾಕಿದ ಶಾಪದ ಕಥೆ. ಕೊನೆಗೆ ಮಾತ್ರೆಯ ಪಟ್ಟಿಯನ್ನು ತೆಗೆದು ಸಂತ ಅಂತೋಣಿಯವರ ಪಟದ ಕೆಳಗಿನ ಹಲಗೆಯ ಮೇಲಿಟ್ಟು, "ಇನ್ಮೇಲೆ ಜಪಸರ ಮುಗಿದ ಮೇಲೆ ಇಲ್ಲಿಂದಲೇ ತೆಗೆದುಕೊಡಿ" ಎಂದರು. ಮರುವಾರ ನಾನೂ ಹೋಗಿ, ಅಂದು ಬೈಕಿನ ಮೇಲೆ ಕುಳಿತು ಹೇಳಿದ್ದು ತಪ್ಪಾಯಿತೆಂದು ತಾಯಿ ಮಗನಿಬ್ಬರ ಮುಂದೆಯೂ ಹೇಳಿದೆ.

ಈಗ ಅವನು ಯುವಕ, ಗ್ಯಾರೇಜೊಂದರಲ್ಲಿ ಕೆಲಸ ಮಾಡುತ್ತಾನೆ. ವೈದ್ಯರು ಮಾತ್ರೆಯ ಪ್ರಮಾಣ ಇಳಿಸಿದ್ದಾರೆ, ಪೂರ್ತಿ ನಿಲ್ಲಿಸಿಲ್ಲ. ಕಳೆದ ವರ್ಷ ಊರಹಬ್ಬಕ್ಕೆ ಹೋದಾಗ ಆ ಮನೆಯಲ್ಲಿ ಊಟ ಮಾಡಿದೆ. ಬಡಿಸುತ್ತಿದ್ದ ಅವನ ಬಲಗೈಯ ಸುಟ್ಟ ಕಲೆ ನನ್ನ ಎಲೆಯ ಮೇಲೆಯೇ ಬಾಗಿತು. ಪಟದ ಕೆಳಗೆ ಹಲಗೆಯಿತ್ತು, ಹಲಗೆಯ ಮೇಲೆ ಮಾತ್ರೆಯೂ ಇತ್ತು.